ಗುರಮ್ಮನ ಪಾಲಿನ ಪೆಟ್ಟು

ಉಮರ್ಗಾ
14 ಮಾರ್ಚ್ 2010, ರವಿವಾರ

ತೀರ್ಥಸ್ವರೂಪ ಅತ್ತೆಯವರಿಗೆ, ಹಳೆಯ ಕಣ್ಣಿಗೊಂದು, ಹೊಸ ಕಣ್ಣಿಗೊಂದು, ಹೀಗೆ ಎರಡು ಶರಣಾರ್ಥಿಗಳು.

ಕಣ್ಣು ಹೇಗಿದೆ? ಡಾಕ್ಟರು ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಅಂಬಣ್ಣ ಮಾಮಾರ ಮೀಸೆಯೋ, ಅದರ ಹಿಂದಿನ ಗೋಡೆಯೋ? ನಿಮ್ಮ ತಮ್ಮನ ಮೀಸೆ ಕಾಣಲು ಆಪರೇಷನ್ನೇ ಬೇಕಿರಲಿಲ್ಲವೆಂದು ಮಾವನವರು ಇಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದಾರೆ. ಉದಗೀರದಲ್ಲಿ ಅದಕ್ಕಿಂತ ದೊಡ್ಡದು ಕೋಟೆಯೊಂದೇ ಅಂತೆ. ಹನಿ ತಪ್ಪದೆ ಹಾಕಿಸಿಕೊಳ್ಳಿ. ಬಾಗಬೇಡಿ, ಭಾರ ಎತ್ತಬೇಡಿ, ಹೊಗೆಯ ಹತ್ತಿರ ಸುಳಿಯಬೇಡಿ. ಬೈಯುವುದಕ್ಕೆ ಮಾತ್ರ ಡಾಕ್ಟರರ ಅಡ್ಡಿಯಿಲ್ಲವೆಂದು ಕೇಳಿ ಮನೆಮಂದಿಗೆಲ್ಲ ಸಮಾಧಾನವಾಗಿದೆ. ನೀವು ಬೈಯದೆ ಈ ಮನೆಯ ಹಾಲು ಕೂಡ ಹೊತ್ತಿಗೆ ಸರಿಯಾಗಿ ಉಕ್ಕುತ್ತಿಲ್ಲ.

ಇಲ್ಲಿ ಶುಭಾಂಗಿಗೆ ಒಂದು ಮಾತು. ಈ ಪತ್ರ ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ಅಂಬಣ್ಣ ಮಾಮಾರ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವಳು ಭಾಲ್ಕಿಯಿಂದ ಸೊಸೆಯಾಗಿ ಬಂದ ನೀನೊಬ್ಬಳೇ. ನಮ್ಮ ಮನೆಯಲ್ಲಿ ಬಸವಕಲ್ಯಾಣದಿಂದ ಬಂದ ನಾನೊಬ್ಬಳೇ. ಉಳಿದವರೆಲ್ಲ ಕನ್ನಡದಲ್ಲಿ ಉಣ್ಣುತ್ತಾರೆ, ಕನ್ನಡದಲ್ಲಿ ಜಗಳವಾಡುತ್ತಾರೆ, ಕನ್ನಡದಲ್ಲೇ ಕನಸು ಕಾಣುತ್ತಾರೆ, ಸಾಲೆ ಮಾತ್ರ ಮರಾಠಿಯಲ್ಲಿ ಕಲಿತಿದ್ದಾರೆ. ಆದ್ದರಿಂದ ತಾಯಿ, ನಿಧಾನವಾಗಿ ಓದು. ನಡುನಡುವೆ ನಗಬೇಡ. ಅತ್ತೆಯವರನ್ನು ಹೊಗಳಿದ ಸಾಲುಗಳನ್ನು ಇನ್ನೊಮ್ಮೆ ಓದು. ಮುಂದೆ ಒಂದು ಕಡೆ ನಿನ್ನ ದನಿ ತಡೆಯಬಹುದು, ಅಲ್ಲಿ ನೀರು ಕುಡಿದು ಮುಂದುವರಿಸು, ಸಾಲು ಹಾರಿಸಬೇಡ.

ಅತ್ತೆಯವರೇ, ಈ ಪತ್ರವನ್ನು ಮಾವನವರ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಅವರು ನಿಲಂಗಾದಲ್ಲಿ ಕಡಲೆಯ ವ್ಯವಹಾರ ಮುಗಿಸಿ ಅಲ್ಲಿಂದ ಉದಗೀರದ ಬಸ್ಸು ಹಿಡಿಯುತ್ತಾರೆ. ಲಕೋಟೆಗೆ ಅಂಟು ಹಚ್ಚಿಲ್ಲ. ದಾರಿಯಲ್ಲಿ ಅವರು ತೆಗೆದು ನೋಡುವುದು ಖಂಡಿತ. ನೋಡಲಿ. ಅಕ್ಷರ ದುಂಡಗಿವೆಯೆಂದು ಮೆಚ್ಚಿ, ಮಡಚಿ, ಮತ್ತೆ ಜೇಬಿಗೆ ಇಡುತ್ತಾರೆ. ಇಷ್ಟು ಭದ್ರವಾದ ಬೀಗ ಲಾತೂರಿನ ಪೇಟೆಯಲ್ಲೂ ಸಿಗಲಾರದು.

ಮನೆಯ ಸುದ್ದಿ ಕೇಳಿ. ಕಸ್ತೂರಬಾಯಿಯವರು ಬಾಜು ಮನೆಯಿಂದ ದಿನಾ ಬಂದು, ನೀವಿಲ್ಲದ ಮನೆ ಎಷ್ಟು ಕೆಟ್ಟಿದೆಯೆಂದು ಪರೀಕ್ಷೆ ಮಾಡಿ ಹೋಗುತ್ತಾರೆ. ಇಂಗು ಕೇಳಲು ಬಂದವರು ಮಾತಿಗೆ ಕುಳಿತು ಇಂಗು ಮರೆತು ಹೋದರು. ಮರೆತ ಇಂಗನ್ನು ಕೇಳಲು ಮತ್ತೆ ಬಂದು ಮತ್ತೆ ಕುಳಿತರು. ಮಾವನವರು ಕಡಲೆ ಪರೀಕ್ಷೆ ಮಾಡುವ ನೆಪದಲ್ಲಿ ಚೀಲಕ್ಕೊಂದು ಹಿಡಿಯಂತೆ ತಿಂದು, ಊಟದ ಹೊತ್ತಿಗೆ ಹಸಿವೆಯಿಲ್ಲವೆಂದು ಹೆಂಡತಿಯ ನೆನಪಿನಲ್ಲಿ ಸೊರಗಿದವರಂತೆ ಮುಖ ಮಾಡುತ್ತಾರೆ. ಸ್ವಪ್ನಾಲಿ ಅಜ್ಜಿಯ ಹಾಸಿಗೆಯಲ್ಲಿ ತಾನೇ ಮಲಗುತ್ತಾಳೆ, ಬೆಳಿಗ್ಗೆ ನಿಮ್ಮಂತೆಯೇ ಎಲ್ಲರನ್ನೂ ಹೆಸರು ಹಿಡಿದು ಎಬ್ಬಿಸುತ್ತಾಳೆ. ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತಿವೆ. ನಾಡಿದ್ದು ಯುಗಾದಿ. ಯುಗಾದಿಗೆ ಬಂದೇ ಬರುತ್ತೇನೆ, ಖಾರ ಕುಟ್ಟುವಾಗ ದೂರ ಕುಳಿತಾದರೂ ನೋಡುತ್ತೇನೆ ಎಂದು ಹೋದವರು ನೀವು. ಆದರೆ ಮೊನ್ನೆ ಅಂಬಣ್ಣ ಮಾಮಾ ಫೋನು ಮಾಡಿ, ಅಕ್ಕ ಈಗಲೇ ಬರುವುದಿಲ್ಲವಂತೆ, ಬಸವ ಜಯಂತಿಯವರೆಗೆ ಇಲ್ಲೇ ಇರುತ್ತಾಳಂತೆ ಎಂದರು. ಫೋನು ನಿಮ್ಮ ಕೈಗೆ ಕೊಡಿ ಎಂದೆ. ಮಲಗಿದ್ದಾಳೆ ಎಂದರು. ಮಧ್ಯಾಹ್ನ ಮಾಡಿದೆ, ಮಲಗಿದ್ದಿರಿ. ಸಂಜೆ ಮಾಡಿದೆ, ಮಲಗಿದ್ದಿರಿ. ನನ್ನ ಅತ್ತೆ ಇಷ್ಟು ಮಲಗುವವರಲ್ಲ. ಹಾಗಾಗಿ ಕಾಗದ ಹಿಡಿದು ಕುಳಿತಿದ್ದೇನೆ.

ನಿಮಗೆ ಈಗಾಗಲೇ ಗೊತ್ತಾಗಿರುವುದನ್ನು ಇನ್ನು ನನ್ನ ಬಾಯಿಂದಲೂ ಕೇಳಿ. ಶುಭಾಂಗಿಯ ಬಾಯಿಂದ ಇದೇ ಧಾಟಿ, ಇದೇ ಕೊಂಕು ಹಿಂದೆ ಎಲ್ಲೋ ಕೇಳಿದ್ದೀರಿ. ಹೌದು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದಾಗ ನಿಮ್ಮ ಹೊತ್ತು ಹೋಗಲೆಂದು ಶುಭಾಂಗಿ ಕಂಪ್ಯೂಟರಿನಲ್ಲಿ ಓದಿ ನಗಿಸಿದಳಲ್ಲ, ಆ ‘ಪಡಸಾಲಿ’ ಎಂಬ ಬ್ಲಾಗು, ಅದನ್ನು ಬರೆಯುವ ಊರು ಹೆಸರಿಲ್ಲದ ಆ ‘ಪಡಸಾಲಿಯಾಕಿ’, ಅವಳು ನಾನೇ. ಇಲ್ಲಿ ಶುಭಾಂಗಿ ತಲೆ ಎತ್ತಿ ನಿಮ್ಮ ಮುಖ ನೋಡುತ್ತಿರಬಹುದು. ನೋಡುವುದು ಸಾಕು, ಮುಂದೆ ಓದು.

ಇದೇನು ಕದ್ದು ಮುಚ್ಚಿ ಮಾಡಿದ್ದಲ್ಲ ಅತ್ತೆಯವರೇ. ನಿಮ್ಮ ಕಣ್ಣೆದುರೇ ನಡೆದದ್ದು. ಅಂಗಡಿಯ ಲೆಕ್ಕಕ್ಕೆಂದು ನಿಮ್ಮ ಮಗ ತಂದ ಕಂಪ್ಯೂಟರನ್ನು ಪಡಸಾಲೆಯಲ್ಲಿ, ನಿಮ್ಮ ತೂಗುಮಂಚದ ಎದುರಿಗೇ ಇಟ್ಟರು. ಮಧ್ಯಾಹ್ನ ಊಟವಾದ ಮೇಲೆ ಉಮರ್ಗಾಕ್ಕೆ ಒಂದು ಜೊಂಪು ಹತ್ತುತ್ತದಲ್ಲ, ಆ ಹೊತ್ತು ನನ್ನದು. ಹೈವೇಯ ಲಾರಿಗಳ ಸದ್ದು ದೂರದಲ್ಲಿ ಹೊಳೆ ಹರಿದ ಹಾಗೆ ಕೇಳುತ್ತದೆ. ಅಂಗಳದಲ್ಲಿ ಭೂಕಂಪದ ಮರುವರ್ಷ ಹಾಕಿಸಿದ ತಗಡಿನ ಪತ್ರಾ ಶೆಡ್ಡು ಬಿಸಿಲಿಗೆ ಟಿಕ್ ಟಿಕ್ ಎಂದು ಮೈಮುರಿಯುತ್ತದೆ. ಅಂಗಡಿಯಿಂದ ತೇಲಿಬಂದ ಕಾಳಿನ ಧೂಳು ಬಾಗಿಲ ಬೆಳಕಿನಲ್ಲಿ ಕೆಳಗೂ ಇಳಿಯದೆ ಮೇಲೂ ಏರದೆ ನಿಂತಿರುತ್ತದೆ. ಆಗ ನಾನು ಯಾರ ಸೊಸೆಯೂ ಅಲ್ಲ, ಯಾರ ಮಗಳೂ ಅಲ್ಲ, ಬಾಗಿಲ ಬೆಳಕಿನಲ್ಲಿ ತೇಲುವ ಒಂದು ಕಣ. ಬೆರಳು ತಾವೇ ಓಡುತ್ತವೆ. ಎದುರಿಗೆ ನೀವು ಮಂಚದ ಮೇಲೆ ಅರ್ಧ ನಿದ್ದೆಯಲ್ಲಿ, ನಿಮ್ಮ ಬಗ್ಗೆಯೇ ನಾನು ಬರೆಯುತ್ತಿರುವಾಗ, ನೊಣ ಓಡಿಸುತ್ತ ಮಲಗಿರುತ್ತಿದ್ದಿರಿ.

ಒಮ್ಮೆ ಮಾವನವರ ಗೊರಕೆಯ ಮೇಲೆ ಬರೆಯುತ್ತಿದ್ದೆ. ಗಾದಿಯ ಮೇಲೆ ಕುಳಿತಲ್ಲೇ ಕಣ್ಣು ತೆರೆದುಕೊಂಡು ಗೊರಕೆ ಹೊಡೆಯುವ ಒಬ್ಬ ವ್ಯಾಪಾರಿ, ಗಿರಾಕಿ ಕೇಳಿದ ದರಕ್ಕೆಲ್ಲ ಗೊರಕೆಯಿಂದಲೇ ಹ್ಞೂಂ ಎಂದುಬಿಟ್ಟದ್ದು. ಬರೆಯುತ್ತ ಬರೆಯುತ್ತ ತಿರುಗಿ ನೋಡಿದರೆ ಅವರು ನನ್ನ ಬೆನ್ನ ಹಿಂದೆಯೇ ನಿಂತಿದ್ದಾರೆ, ಕನ್ನಡಕ ಏರಿಸಿ ಗಂಭೀರವಾಗಿ ನೋಡುತ್ತಿದ್ದಾರೆ. ನನ್ನ ಜೀವ ಹಾರಿತು. ಅವರು ತಲೆದೂಗಿ, “ಬರಿ ಬೇಟಾ, ಬರಿ. ಅಕ್ಷರ ಭಾಳ ಚಂದ ಅದಾವ” ಎಂದು ಬೆನ್ನು ತಟ್ಟಿ ಮಲಗಲು ಹೋದರು. ಅಂದಿನಿಂದ ನನಗೆ ಭಯವೇ ಹೋಯಿತು. ನಿಮ್ಮ ಮಗನೂ ರಾತ್ರಿ ಊಟಕ್ಕೆ ಕುಳಿತಾಗ ಇವತ್ತೇನು ಬರೆದೆ ಎಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಬೇರೆಯೇ ಒಂದು ಆವೃತ್ತಿ ಹೇಳುತ್ತೇನೆ, ಅದರಲ್ಲಿ ಗಂಡಂದಿರೆಲ್ಲ ಬುದ್ಧಿವಂತರು.

ಹೆಸರು ಯಾಕೆ ಹಾಕಲಿಲ್ಲ ಎಂದು ಕೇಳಿದರೆ, ಹೆಸರು ಬಾಯಿಗೆ ಬರದ ಮನೆ ಇದು. ನಾನು ನಿಮ್ಮ ಮಗನ ಹೆಸರು ಹೇಳುವುದಿಲ್ಲ, ನೀವು ಮಾವನವರ ಹೆಸರು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸಬಾಯಿ ಮರಾಠಿಯಲ್ಲಿ ಗಂಡನ ಹೆಸರು ಕೇಳಿದಾಗ ನೀವು ಬಾಯಿಗೆ ಸೆರಗು ಹಿಡಿದು ನಿಂತದ್ದನ್ನು ಶುಭಾಂಗಿ ಹೇಳಿದಳು. ಹೆಸರಿನ ಒಡೆಯರು ಪಕ್ಕದಲ್ಲೇ ಇದ್ದರೂ, ತನಗೆ ಸಂಬಂಧವೇ ಇಲ್ಲವೆಂಬಂತೆ ಗೋಡೆಯ ಮೇಲಿನ ದೊಡ್ಡಕ್ಷರ ಸಣ್ಣಕ್ಷರ ಓದುತ್ತಿದ್ದರಂತೆ. ಒಡಪಿನಲ್ಲಿ ತನ್ನ ಹೆಸರು ಕೇಳಿ ಎಷ್ಟು ವರ್ಷವಾಗಿತ್ತೋ ಪಾಪ. ಕೊನೆಗೆ ಕಾದವರ ಸಾಲಿನಲ್ಲಿ ಗುಜುಗುಜು ಶುರುವಾದಾಗ ನೀವು ಅಲ್ಲೇ ಒಂದು ಒಡಪು ಕಟ್ಟಿ ಹೇಳಿದಿರಂತೆ:

“ತೊಗರಿ ಹೊಲಕ್ಕ ಹಳದಿ ಹೂವಿನ ಸೀರಿ,
ಮಾಣಿಕಪ್ಪನವರ ಹೆಸರ ಹೇಳ್ತೀನಿ, ನರ್ಸಬಾಯಿ, ಜರಾ ಸರೀರಿ.”

ಸಾಲಿನಲ್ಲಿದ್ದವರು ವಾಹ್ ವಾಹ್ ಎಂದರಂತೆ, ಒಂದು ಕಣ್ಣಿನವರು, ಎರಡು ಕಣ್ಣಿನವರು, ಎಲ್ಲರೂ. ಮಾವನವರು ಈಗಲೂ ಅದನ್ನು ಅಂಗಡಿಯಲ್ಲಿ ಗುನುಗುತ್ತಾರೆ, ನನ್ನನ್ನು ಕಂಡರೆ ಕೆಮ್ಮುತ್ತಾರೆ. ಬರೀ ಹೆಸರು ಹೇಳಬಾರದು, ಅದಕ್ಕೊಂದು ಬಟ್ಟೆ ಉಡಿಸಿ ಕರೆತರಬೇಕು ಎಂಬುದು ನಮ್ಮ ಕಡೆಯ ರೀತಿ. ಇಂಥ ಮನೆಯ ಸೊಸೆ ತನ್ನ ಹೆಸರನ್ನು ಜಗತ್ತಿನ ಎದುರು ಬರಿಮೈಯಲ್ಲಿ ನಿಲ್ಲಿಸುವುದೆಂದರೆ ಹೇಗೆ?

ಸುಖವೂ ಇತ್ತು, ಸುಳ್ಳು ಯಾಕೆ ಹೇಳಲಿ. ಪೇಟೆಗೆ ಹೋದರೆ ನಾನು ಕಿರಾಣಿ ಮಾಣಿಕಪ್ಪನವರ ಸೊಸೆ. ಜೋರಾಗಿ ನಕ್ಕರೆ ನಗುವಿಗಿಂತ ಮೊದಲು ಸುದ್ದಿ ಮನೆ ತಲುಪುತ್ತದೆ. ಪಡಸಾಲಿಯಾಕಿ ಎಲ್ಲಿ ಬೇಕಾದರೂ ನಗಬಹುದು. ಧಾರವಾಡದವರು ಯಾರೋ ನಗುತ್ತಾರೆ, ಮೈಸೂರಿನವರು ಯಾರೋ ನಗುತ್ತಾರೆ, ಅವರ ಪೈಕಿ ಒಬ್ಬರಿಗೂ ನನ್ನ ಅಡುಗೆಯಲ್ಲಿ ಉಪ್ಪು ಹೆಚ್ಚಾದದ್ದು ಗೊತ್ತಿಲ್ಲ. ನಾನು ಯಾರಿರಬಹುದೆಂದು ಅವರಲ್ಲೇ ದೊಡ್ಡ ಚರ್ಚೆ. ಹೆಣ್ಣಿನ ಹೆಸರಿನಲ್ಲಿ ಬರೆಯುತ್ತಿರುವ ನಿವೃತ್ತ ಹೆಡ್‌ಮಾಸ್ತರರು, ವಯಸ್ಸು ಅರವತ್ತರ ಮೇಲೆ, ಸೊಂಟನೋವು ಇದೆ ಎಂದು ಒಬ್ಬರು ತೀರ್ಪು ಕೊಟ್ಟಿದ್ದಾರೆ. ಓದಿ ನನಗೂ ಒಂದು ದಿನ ಸೊಂಟ ನೋಯಿತು.

ಇದರ ನಡುವೆ ಕಲಬುರಗಿಯ ಒಂದು ಮಾಸಪತ್ರಿಕೆಯವರು ಬರೆದರು. ನಿಮ್ಮ ಬರಹಗಳನ್ನು ತಿಂಗಳು ತಿಂಗಳು ಅಚ್ಚು ಮಾಡುತ್ತೇವೆ, ಆದರೆ ಹೆಸರು, ಊರು, ಒಂದು ಫೋಟೋ ಬೇಕು, ಹೆಸರಿಲ್ಲದ್ದನ್ನು ನಾವು ಹಾಕುವುದಿಲ್ಲ ಎಂದು. ಎರಡು ದಿನ ಮೋಡದ ಮೇಲೆ ನಡೆದೆ. ಮೂರನೆಯ ದಿನ ಹಪ್ಪಳ ಒಣಹಾಕುತ್ತ, ಆಗುವುದಿಲ್ಲ ಎಂದು ಬರೆದುಬಿಡೋಣ ಅಂದುಕೊಂಡೆ. ಊರಿಗೆ ಗೊತ್ತಾದರೆ ಮಾವನವರ ಗೊರಕೆಗೆ ಗಿರಾಕಿಗಳು ಕಾದು ಕುಳಿತಾರು ಎಂಬ ಭಯ. ಅಷ್ಟರಲ್ಲಿ ಉದಗೀರದಿಂದ ನಿಮ್ಮ ಫೋನು ಬಂತು.

ನೆನಪಿದೆಯೇ? “ಸುಗಂಧಾ, ಇಲ್ಲೊಬ್ಬಾಕಿ ತನ್ನ ಅತ್ತಿ ಬಗ್ಗೆ ಬರೀತಾಳ ನೋಡು. ನಕ್ಕೂ ನಕ್ಕೂ ಕಣ್ಣಿನ ಪಟ್ಟಿ ಸಡಲ ಆಗ್ಯಾದ. ಆ ಅತ್ತಿ ಥೇಟ ನಮ್ಮ ಕಸ್ತೂರಬಾಯಿ” ಎಂದಿರಿ. ನಾನು ಫೋನು ಹಿಡಿದು ಗೋಡೆಗೆ ಒರಗಿದೆ. ತುರೋರಿಯ ರಸ್ತೆಬದಿಯಲ್ಲಿ ನೀವು ಹೈದರಾಬಾದಿನ ಲಾರಿಯವನಿಗೆ ಕನ್ನಡದಲ್ಲಿ ಶುರು ಮಾಡಿ, ಮರಾಠಿಯಲ್ಲಿ ಬೆಳೆಸಿ, ಉರ್ದುವಿನಲ್ಲಿ ಮುಗಿಸಿದ ಬೈಗುಳದ ಪ್ರಸಂಗವನ್ನು ಊರಿನ ಹೆಸರು ಬದಲಿಸಿ ಬರೆದಿದ್ದೆ. ಅದನ್ನೂ ನೀವು ಕೇಳಿದ್ದಿರಿ. ನಿಮ್ಮನ್ನು ನೀವೇ ಗುರುತಿಸಲಿಲ್ಲ, ಮೆಚ್ಚಿದಿರಿ ಮಾತ್ರ. ಹೀಗೆ ಬೈಯುವವರು ಈಗ ಎಲ್ಲಿದ್ದಾರೆ ಎಂದು ನಿಟ್ಟುಸಿರು ಬಿಟ್ಟಿರಿ. ದಿನಾ ಸಂಜೆ ಫೋನು ಮಾಡಿ ನಾನು ಬರೆದದ್ದನ್ನು ನನಗೇ ಹೇಳಿದಿರಿ, ನಾನು ಬರೆದದ್ದಕ್ಕಿಂತ ಚೆನ್ನಾಗಿ. ಕೆಲವು ಕಡೆ ನೀವು ಸೇರಿಸಿದ್ದನ್ನು ನಾನು ಕದ್ದು ಮತ್ತೆ ಬರೆದೆ. ಆ ದಿನಗಳಲ್ಲಿ ನಾನೊಂದು ಕನಸಿನಲ್ಲಿ ತಿರುಗುತ್ತಿದ್ದೆ. ನನ್ನ ಓದುಗರಲ್ಲಿ ಎಲ್ಲರಿಗಿಂತ ದೊಡ್ಡವರು ನನ್ನ ಅತ್ತೆ, ಅದು ಅವರಿಗೇ ಗೊತ್ತಿಲ್ಲ.

ಆಮೇಲೆ ಶುಭಾಂಗಿ ಒನಕೆಯದನ್ನು ಓದಿದಳು.

ನಾನು ಮದುವೆಯಾಗಿ ಬಂದ ಮೊದಲ ಬೇಸಿಗೆ ಅದು. ಪತ್ರಾ ಶೆಡ್ಡಿನಲ್ಲಿ ನೀವು ಖಾರ ಕುಟ್ಟುತ್ತಿದ್ದಿರಿ, ನಾನು ಒಳಗೆ ಜರಡಿ ಹಿಡಿಯುತ್ತಿದ್ದೆ. ಇಬ್ಬರು ಹೆಂಗಸರು ಒಂದು ಒರಳಿಗೆ ಎದುರುಬದುರು ನಿಂತು, ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಬೀಳುವ ಹಾಗೆ ಕುಟ್ಟುವುದನ್ನು ನನ್ನ ತವರಿನಲ್ಲಿ ನೋಡಿದ್ದೆ. ನೀವು ಒಬ್ಬರೇ ಇದ್ದಿರಿ. ಆದರೂ ನಿಮ್ಮ ಒನಕೆ ಬೀಳುತ್ತಿತ್ತು, ಆಮೇಲೆ ಇನ್ನೊಂದು ಬೀಳುವಷ್ಟು ಹೊತ್ತು ನಿಲ್ಲುತ್ತಿತ್ತು, ಆಮೇಲೆ ಮತ್ತೆ ಬೀಳುತ್ತಿತ್ತು. ಎದುರಿಗೆ ಗೋಡೆಗೆ ಒರಗಿಸಿಟ್ಟ ಎರಡನೆಯ ಒನಕೆ. ಕೈ ನೋಯುತ್ತದೆಯೇ, ನಾನು ಬರಲೇ ಎಂದು ಕೇಳಿದೆ. ನೀವು ಒನಕೆ ನಿಲ್ಲಿಸದೆ, “ಬ್ಯಾಡ. ಅದು ಗುರಮ್ಮಕ್ಕನ ಪೆಟ್ಟು. ಆಕಿಗೆ ಬಿಟ್ಟೀನಿ” ಎಂದಿರಿ. ಆಮೇಲೆ ತಿಳಿಯಿತು, ನಿಮ್ಮ ಅಕ್ಕ ಪ್ರತಿ ಯುಗಾದಿಗೆ ತನ್ನೂರಿನಿಂದ ಬಂದು ನಿಮ್ಮ ಎದುರು ನಿಂತು ಖಾರ ಕುಟ್ಟುತ್ತಿದ್ದರೆಂದು, ಭೂಕಂಪದ ಬೆಳಗಿನ ಜಾವ ಆ ಊರಿನ ಮನೆಗಳ ಜೊತೆ ಅವರೂ ಹೋದರೆಂದು. ಅಂದಿನಿಂದ ಪ್ರತಿ ಬೇಸಿಗೆ ನಾನು ಆ ಸದ್ದು ಕೇಳುತ್ತೇನೆ. ಕೆಂಪು ಧೂಳಿನಲ್ಲಿ ಕಣ್ಣು ಮುಚ್ಚಿ ನಿಂತ ನೀವು. ಒಂದು ಪೆಟ್ಟು ಕಿವಿಗೆ ಕೇಳುತ್ತದೆ, ಇನ್ನೊಂದು ಕೇಳುವುದಿಲ್ಲ, ಆದರೂ ಲೆಕ್ಕ ತಪ್ಪುವುದಿಲ್ಲ.

ಶಿವರಾತ್ರಿ ಮುಗಿದ ಮೇಲೆ ಅದನ್ನು ಬರೆದೆ. ಪಡಸಾಲಿಯಾಕಿ ನಗಿಸಬೇಕಲ್ಲ, ನಗಿಸುತ್ತಲೇ ಬರೆದೆ. ಕುಂಟುತ್ತ ಕುಟ್ಟುವ ಒಬ್ಬ ಅತ್ತೆ ಎಂದೆ, ಯಾರೋ ಒಬ್ಬ ಅಕ್ಕ ಎಂದೆ, ಯಾವುದೋ ವರ್ಷ ಎಂದೆ. ಗುರಮ್ಮನೆಂದು ಬರೆದರೆ ಭೂಕಂಪ ಬರುತ್ತದೆ, ಭೂಕಂಪ ಬಂದರೆ ಊರು ಬರುತ್ತದೆ, ಊರು ಬಂದರೆ ನಮ್ಮ ಮನೆ, ಮನೆಯ ಹಿಂದೆ ನಾನು. ಒಂದೊಂದೇ ಅಳಿಸಿದೆ. ಓದಿದವರು ಚೆನ್ನಾಗಿ ನಕ್ಕರು. ಅತ್ತೆಗೆ ವಯಸ್ಸಾಯಿತು, ಒಂದು ಮಿಕ್ಸರು ಕೊಡಿಸಿಬಿಡಿ ಎಂದು ಒಬ್ಬರು ಬರೆದರು. ನಾನೂ ನಗುವ ಗುರುತು ಹಾಕಿ ಉತ್ತರ ಕೊಟ್ಟೆ.

ಅದನ್ನು ಕೇಳಿಸಿಕೊಂಡು ನೀವು ಎದ್ದು ಕುಳಿತಿರಂತೆ. ಇದು ಕಸ್ತೂರಬಾಯಿಯಲ್ಲ ಎಂದು ಆಗ ತಿಳಿಯಿತು, ಬರೆದವಳು ಯಾರೆಂದೂ ತಿಳಿಯಿತು. ಶುಭಾಂಗಿ ಹೆದರಿ ನನಗೆ ಫೋನು ಮಾಡಿ ಹೇಳಿದಳು. ಅವಳನ್ನು ಬೈಯಬೇಡಿ, ನಾನೇ ಬಾಯಿ ಬಿಡಿಸಿದ್ದು. ನೀವು ಸಿಟ್ಟಾಗುತ್ತೀರಿ, ಮನೆಯ ಮಾತು ಹೊರಗೆ ಹಾಕಿದಳೆಂದು ಶಪಿಸುತ್ತೀರಿ ಎಂದು ಅವಳು ಕಾದಳಂತೆ. ನೀವು ಕೇಳಿದ್ದು ಒಂದೇ ಮಾತು: “ಎಲ್ಲಾ ಬರದಾಳ. ಆಕಿ ಹೆಸರು ಯಾಕ ಬರದಿಲ್ಲ?”

ಅತ್ತೆಯವರೇ, ಗಂಡನ ಹೆಸರನ್ನು ಆಸ್ಪತ್ರೆಯಲ್ಲೂ ಬರಿದಾಗಿ ಹೇಳದವರು ನೀವು. ಆದರೆ ಒನಕೆ ಎತ್ತಿದಾಗಲೆಲ್ಲ ಗುರಮ್ಮಕ್ಕ ಎನ್ನುತ್ತಿದ್ದಿರಿ, ಇಷ್ಟು ವರ್ಷ ಅದನ್ನು ಕೇಳಿಯೂ ನನಗೆ ತಿಳಿಯಲಿಲ್ಲ. ಬದುಕಿದವರ ಹೆಸರು ಮುಚ್ಚಿಟ್ಟರೆ ಅವರು ಒಳಕೋಣೆಯಲ್ಲಿ ಇದ್ದೇ ಇರುತ್ತಾರೆ, ಕರೆದರೆ ಹೊರಗೆ ಬರುತ್ತಾರೆ. ಗುರಮ್ಮ ದೊಡ್ಡವ್ವ ಎಲ್ಲಿಂದ ಬರಬೇಕು? ಅವರ ಮನೆ ಹೋಯಿತು, ಬೀದಿ ಹೋಯಿತು, ಊರನ್ನೇ ಬೇರೆ ಕಡೆ ಕಟ್ಟಿದರು. ಉಳಿದದ್ದು ನೀವು ಬಿಟ್ಟ ಆ ಒಂದು ಪೆಟ್ಟು. ನನ್ನನ್ನು ಬಚ್ಚಿಡಲು ಹೋಗಿ ನಾನು ಅವರನ್ನೂ ಬಚ್ಚಿಟ್ಟೆ, ಮಿಕ್ಸರಿನವರು ಬಂದು ಆ ಜಾಗವನ್ನು ತುಂಬಿಬಿಟ್ಟರು.

ಮೊನ್ನೆ ಮಧ್ಯಾಹ್ನ ಒಂದು ಕನಸು ಬಿತ್ತು. ಪಡಸಾಲೆಯಲ್ಲಿ ನಾನು ಬರೆದ ಜನರೆಲ್ಲ ಕುಳಿತಿದ್ದಾರೆ, ಯಾರಿಗೂ ಮುಖವಿಲ್ಲ. ಹೆದರಿಕೆಯ ಕನಸಲ್ಲ, ಎಲ್ಲರೂ ಅವಲಕ್ಕಿ ತಿನ್ನುತ್ತಿದ್ದರು. ಮಾವನವರ ಗೊರಕೆ ಬೇರೆಯಾಗಿ ಒಂದು ಮೂಲೆಯಲ್ಲಿ ಕುಳಿತಿತ್ತು. ಹೊಸ್ತಿಲ ಆಚೆ ಒಬ್ಬರು ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ಬನ್ನಿ ಎನ್ನಬೇಕು, ಯಾವ ಹೆಸರಿನಿಂದ ಕರೆಯಬೇಕೆಂದು ಗೊತ್ತು, ಬಾಯಿಗೆ ಮಾತ್ರ ಬರುತ್ತಿಲ್ಲ. ಎಚ್ಚರವಾದಾಗ ಬಾಗಿಲ ಬೆಳಕಿನಲ್ಲಿ ಧೂಳು ಹಾಗೇ ನಿಂತಿತ್ತು. ಎದ್ದು ಆ ಬರಹವನ್ನು ಬ್ಲಾಗಿನಿಂದ ತೆಗೆದೆ. ಪತ್ರಿಕೆಯವರಿಗೆ ಇನ್ನೂ ಏನೂ ಬರೆದಿಲ್ಲ.

ಪತ್ರ ಉದ್ದವಾಯಿತು. ಶುಭಾಂಗಿಯ ಗಂಟಲು ಒಣಗಿರುತ್ತದೆ, ಅವಳಿಗೊಂದು ಲೋಟ ಮಜ್ಜಿಗೆ ಕೊಡಿಸಿ. ಅಂಬಣ್ಣ ಮಾಮಾರಿಗೂ ಅವರ ಮೀಸೆಗೂ ಶರಣು ತಿಳಿಸಿ. ಸ್ವಪ್ನಾಲಿ ಅಜ್ಜಿಗೆ ಮುತ್ತು ಕಳಿಸಿದ್ದಾಳೆ, ಆಪರೇಷನ್ ಆದ ಕಣ್ಣನ್ನು ಬಿಟ್ಟು ಬೇರೆ ಕಡೆ ತೆಗೆದುಕೊಳ್ಳಬೇಕಂತೆ. ನಿಮ್ಮ ಮಗ ಚೆನ್ನಾಗಿದ್ದಾರೆ. ಹಿರಿಯರ ಪುಣ್ಯ ಈ ಮನೆಯ ಮೇಲಿರಲಿ, ನಿಮ್ಮ ಬೈಗುಳವೂ ಇರಲಿ.

ನಿಮ್ಮ ಸೊಸೆ,
ಪಡಸಾಲಿಯಾಕಿ
(ಮನೆಯಲ್ಲಿ ಸುಗಂಧಾ ಎನ್ನುತ್ತಾರೆ)

ತಾ.ಕ.: ಮಾವನವರು ಅಂಗಡಿಯಿಂದ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಒನಕೆಯದನ್ನು ಮತ್ತೆ ಬರೆದಿದ್ದೇನೆ. ಮೇಲೆ ‘ಗುರಮ್ಮ’ ಎಂದಿದೆ, ಊರಿದೆ, ವರ್ಷವಿದೆ, ಕೆಳಗೆ ನನ್ನ ಹೆಸರಿದೆ. ನೀವು ಹ್ಞೂಂ ಎಂದರೆ ಪತ್ರಿಕೆಗೆ ಹೋಗುತ್ತದೆ. ಇಲ್ಲವಾದರೆ ಇಬ್ಬರ ಹೆಸರೂ ಮನೆಯಲ್ಲೇ ಇರುತ್ತವೆ. ಇನ್ನೊಂದು. ಡಾಕ್ಟರು ನಿಮಗೆ ಖಾರದ ಹತ್ತಿರ ಹೋಗಬಾರದೆಂದಿದ್ದಾರೆ, ಈ ವರ್ಷ 
ಒನಕೆ ನಾನು ಹಿಡಿಯಬೇಕು. ನಿನ್ನೆ ಒಂದು ಮುಷ್ಟಿ ಮೆಣಸಿನಕಾಯಿ ಹಾಕಿ ನೋಡಿದೆ. ನಿಮ್ಮ ಪೆಟ್ಟು ಹಾಕಲು ಬಂತು, ದೊಡ್ಡವ್ವನ ಪೆಟ್ಟು ಬಿಡಲು ಬರಲಿಲ್ಲ. ಅಷ್ಟು ಹೊತ್ತು ಕೈ ನಿಲ್ಲುವುದೇ ಇಲ್ಲ, ಮುಂದೆ ಓಡುತ್ತದೆ. ಎಷ್ಟು ಬಿಡಬೇಕೆಂದು ನಿಮಗೊಬ್ಬರಿಗೇ ಗೊತ್ತು. ಧೂಳು ಬರದ ಹಾಗೆ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿದ್ದೇನೆ, ಅಲ್ಲಿ ಕುಳಿತು ಕೇಳಿದರೆ ಸಾಕು, ತಪ್ಪಿದರೆ ಬೈಯಿರಿ. ಮಾವನವರ ಜೊತೆ ಹೊರಡಿ. ಮೆಣಸಿನಕಾಯಿ ಒಣಗಿವೆ.